ಆರಿಸಿದರೂ ಉರಿಯುವ ಬಲ್ಬು

ಅದು ನಡೆಯುವ ಹಿಂದಿನ ದಿನ ಬೇರೆಲ್ಲ ದಿನಗಳ ಹಾಗೆಯೇ ಇತ್ತು. ಟೈಲರಮ್ಮ ಮಷಿನ್ನಿನ ಮುಂದೆ ಕುಳಿತು ಕಾವಲುಗಾರರ ಪ್ಯಾಂಟು ಹೊಲಿಯುತ್ತಿದ್ದಳು. ಕಾರ್ಖಾನೆಯೊಂದರ ಗೇಟು ಕಾಯುವ ಹದಿನಾಲ್ಕು ಜನರ ಸಮವಸ್ತ್ರ ಅವಳ ಪಾಲಿಗೆ ಬಂದಿತ್ತು. ಬಟ್ಟೆ ಕಡುನೀಲಿ. ದಾರವೂ ಕಡುನೀಲಿಯೇ ಆಗಬೇಕು. ಆದರೆ ಆ ಕೋಣೆಯ ಹಳದಿ ಬಲ್ಬಿನ ಕೆಳಗೆ ಕಡುನೀಲಿ ಯಾವುದು, ಕಪ್ಪು ಯಾವುದು ಎಂದು ದೇವರಿಗೂ ತಿಳಿಯುವಂತಿರಲಿಲ್ಲ. ಎರಡು ಪ್ಯಾಂಟು ಮುಗಿಸಿ ಬಾಗಿಲ ಬೆಳಕಿಗೆ ಹಿಡಿದಾಗಲೇ ಗೊತ್ತಾದದ್ದು, ಅಷ್ಟೂ ಹೊಲಿಗೆ ಕಪ್ಪು ದಾರದ್ದು.

“ನೋಡ್ರೀ ಇಲ್ಲಿ,” ಎಂದು ಪ್ಯಾಂಟನ್ನು ಗಂಡನ ಮೂಗಿಗೆ ಹಿಡಿದಳು. “ಎಲ್ಲಾ ನಿಮ್ಮ ಬಲ್ಬಿನ ಪುಣ್ಯ.”

ಗಂಡ ತಿರುಗಿಸಿ ಮುರುಗಿಸಿ ನೋಡಿದ. “ರಾತ್ರಿ ಕಾಯೋರಲ್ವೇನೇ? ಕತ್ತಲಲ್ಲಿ ಯಾವ ದಾರ ಆದ್ರೇನು? ಕಳ್ಳ ಬಂದು ದಾರ ನೋಡ್ತಾನಾ?”

“ಕಳ್ಳ ನೋಡಲ್ಲ. ಸೂಪರ್‌ವೈಸರ್ ನೋಡ್ತಾನೆ.”

“ಅವನಿಗೆ ಎರಡೂ ಕಣ್ಣಲ್ಲಿ ಪೊರೆ ಬಂದಿದೆ. ಧೈರ್ಯವಾಗಿ ಕೊಡು.”

ಅವನು ನೀರಿನ ಪಂಪು ರಿಪೇರಿ ಮಾಡುವವನು. ಬೀದಿಯಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ, ಎಲ್ಲರಿಗೂ ಅವನು ಮೋಟಾರು. ಪಂಪಿನ ವಿಷಯದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಓಡುತ್ತಿರುವ ಪಂಪಿಗೆ ಕಿವಿಗೊಟ್ಟು, ಬಿಚ್ಚದೆಯೇ, ಒಳಗೆ ಏನು ಸವೆದಿದೆ ಎಂದು ಹೇಳುತ್ತಿದ್ದ. ಪಂಪಿಗೆ ವೈರು ಜೋಡಿಸಲು ಬಂದಮೇಲೆ ಮನೆಗೆ ವೈರು ಎಳೆಯುವುದು ಯಾವ ಮಹಾ ಎಂಬುದು ಅವನ ವಾದ. ಮನೆಯ ಕರೆಂಟಿನ ಕೆಲಸಕ್ಕೆ ಬೇರೆಯವರನ್ನು ಕರೆಯುವುದೆಂದರೆ ಅವನಿಗೆ ಮೂಗು ಕೊಯ್ದಷ್ಟು ಅವಮಾನ. ಮಷಿನ್ನಿನ ಕೋಣೆಯ ಸ್ವಿಚ್ಚು ಮೊದಲು ಬಾಗಿಲ ಹಿಂದೆ ಇತ್ತು. ಹೆಂಡತಿ ಪದೇ ಪದೇ ಎದ್ದು ಹೋಗುತ್ತಾಳಲ್ಲ ಎಂದು ಒಂದು ರಜೆಯ ದಿನ ಅವನೇ ಗೋಡೆಗುಂಟ ವೈರು ಎಳೆದು, ಮೇಜಿನ ಅಂಚಿನ ಕೆಳಗೆ, ಅವಳ ಬಲಗೈಗೆ ಎಟಕುವಂತೆ ಒಂದು ಗುಂಡಿ ಕೂರಿಸಿದ. ಒತ್ತಿದರೆ ದೀಪ ಹತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ನೋಡುವುದೇ ಬೇಡ. ಒಂಬತ್ತು ವರ್ಷ ಅವಳು ಅದನ್ನು ನೋಡದೆಯೇ ಒತ್ತಿದಳು.

ಆ ಸಂಜೆ ಬಲ್ಬು ಟಪ್ಪೆಂದು ಹೋಯಿತು.

“ಈಗಲಾದ್ರೂ ಎಲ್‌ಇಡಿ ತನ್ನಿ,” ಅಂದಳು. “ಊರೆಲ್ಲ ಹಾಕಿಸ್ಕೊಂಡಾಯ್ತು. ನಾವು ಮಾತ್ರ ಅಜ್ಜನ ಕಾಲದಲ್ಲಿದ್ದೀವಿ.”

“ಅದು ಬಲ್ಬಾ? ಪ್ಲಾಸ್ಟಿಕ್ ಬುರುಡೆ. ಬಲ್ಬು ಅಂದ್ಮೇಲೆ ಮುಟ್ಟಿದ್ರೆ ಚುರ್ ಅನ್ಬೇಕು. ಬೆಳಗ್ಗೆ ನಮ್ಮದೇ ಒಂದು ಹಾಕ್ತೀನಿ, ಬಿಡು.”

ಅಂಗಡಿಯವರು ಹಳೆಯ ಬಲ್ಬುಗಳನ್ನು ತರಿಸುವುದು ನಿಲ್ಲಿಸುತ್ತಾರೆ ಎಂಬ ಸುದ್ದಿ ಬಂದಾಗ ಅವನು ಒಂದು ಪೆಟ್ಟಿಗೆ ತಂದು ಅಟ್ಟದ ಮೇಲೆ ಇಟ್ಟಿದ್ದ. ಊಟ ಮಾಡುವಾಗ ಯಾರದೋ ಪಂಪಿನೊಳಗೆ ಕಪ್ಪೆ ಸಿಕ್ಕಿದ ಕಥೆ ಹೇಳಿದ. ಕಪ್ಪೆ ಬದುಕಿತ್ತಂತೆ, ಪಂಪು ಸತ್ತಿತ್ತಂತೆ. ಅವಳು ನಕ್ಕಳು. ಅಷ್ಟೇ. ಆ ದಿನದಲ್ಲಿ ಇನ್ನೇನೂ ಇರಲಿಲ್ಲ.

ಬೆಳಗ್ಗೆ ಅವಳು ಕಪ್ಪು ದಾರ ಬಿಚ್ಚುತ್ತ ಕುಳಿತಿದ್ದಳು. ಬಾಯಲ್ಲಿ ನಾಲ್ಕು ಗುಂಡುಪಿನ್ನು. ಅವನು ಕಬ್ಬಿಣದ ಸ್ಟೂಲು ತಂದಿಟ್ಟು ಹತ್ತಿದ.

“ಆರಿಸು,” ಅಂದ.

ಅವಳ ಕೈ ಮೇಜಿನ ಕೆಳಗೆ ಹೋಗಿ ಗುಂಡಿ ಒತ್ತಿತು. “ಹ್ಞೂಂ,” ಅಂದಳು. ಬಾಯಲ್ಲಿ ಪಿನ್ನಿದ್ದವಳಿಗೆ ಅದಕ್ಕಿಂತ ಹೆಚ್ಚು ಏನು ಹೇಳಲಾದೀತು?

ಅವನು ಸುಟ್ಟ ಬಲ್ಬನ್ನು ಬಿಚ್ಚಿದ. ಹೋಲ್ಡರಿನ ಒಳಗಿನ ಮೊಳೆ ಕುಗ್ಗಿದ್ದರೆ ಬೆರಳಲ್ಲೇ ಎಬ್ಬಿಸುವುದು ಅವನ ಅಭ್ಯಾಸ. ಒಂದು ಕೈಯ ಬೆರಳು ಹೋಲ್ಡರಿನಲ್ಲಿ, ಇನ್ನೊಂದು ಕೈ ಕಿಟಕಿಯ ಸರಳಿನ ಮೇಲೆ. ಅವನು ಕೂಗಲಿಲ್ಲ. ಸ್ಟೂಲು ಬಿತ್ತು, ಅವನೂ ಬಿದ್ದ. ಡಾಕ್ಟರು ಬರುವ ಮೊದಲೇ ಎಲ್ಲ ಮುಗಿದಿತ್ತು.

ಪಕ್ಕದ ಮನೆಯವರು ಓಡಿಬಂದರು. ಯಾರೋ ಮೇನ್ ಸ್ವಿಚ್ಚು ಆರಿಸಿದರು, ಯಾರೋ ಮೇಜು ಎಳೆದರು, ಸಿಕ್ಕಸಿಕ್ಕವರೆಲ್ಲ ಸಿಕ್ಕಸಿಕ್ಕದ್ದನ್ನು ಒತ್ತಿದರು. ವಿಚಾರಣೆಗೆ ಬಂದವರು ಎರಡು ಪ್ರಶ್ನೆ ಕೇಳಿ, ಅವಘಡ ಎಂದು ಬರೆದುಕೊಂಡು ಹೋದರು.

ಕೇಳಬಾರದ ಪ್ರಶ್ನೆ ಕೇಳಿದವಳು ಅತ್ತಿಗೆ, ಮೋಟಾರಿನ ಅಕ್ಕ. ಮೂರು ಬೀದಿ ಆಚೆ ಅವಳದು ಹಿಟ್ಟಿನ ಗಿರಣಿ. ಇಪ್ಪತ್ತು ವರ್ಷ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿತ್ತು. ಗುಟ್ಟು ಹೇಳಿದರೂ ಬೀದಿಯ ತುದಿಗೆ ಕೇಳಿಸುತ್ತಿತ್ತು.

“ಆರಿಸಿದ್ಯೇನೇ?” ಅಂದಳು, ತಮ್ಮನ ಕಾಲ ಬಳಿ ನಿಂತು.

“ಆರಿಸಿದೆ ಅನ್ಸುತ್ತೆ ಅತ್ತಿಗೆ.”

“ಅನ್ಸುತ್ತೆ ಅಂದ್ರೇನೇ? ಅನ್ಸುತ್ತೆ ಅಂದ್ರೇನು?”

ಬೀದಿಯ ಜನ ಅಷ್ಟೂ ಬಾಗಿಲಲ್ಲಿ ನಿಂತಿದ್ದರು. ಟೈಲರಮ್ಮನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಿಂದಿನ ಸಂಜೆ ಬಲ್ಬು ಹೋದಾಗ ತಾನು ಗುಂಡಿ ಒತ್ತಿ ಆರಿಸಿ ಎದ್ದೆನೋ, ಹಾಗೆಯೇ ಎದ್ದೆನೋ? ಆಗ ಒತ್ತಿರದಿದ್ದರೆ ಬೆಳಗ್ಗೆ ಒತ್ತಿದ್ದು ಸರಿ. ಆಗಲೇ ಒತ್ತಿದ್ದರೆ ಬೆಳಗ್ಗೆ ಒತ್ತಿದ್ದರಿಂದ ಕರೆಂಟು ಬಂದ ಹಾಗಾಯಿತು. ಸುಟ್ಟ ಬಲ್ಬು ಹೇಳಲೊಲ್ಲದು, ಗುಂಡಿಯೂ ಹೇಳಲೊಲ್ಲದು. ಎರಡರಲ್ಲಿ ಒಂದು. ಒಂದರಲ್ಲಿ ಅವಳು ಬರಿಯ ವಿಧವೆ. ಇನ್ನೊಂದರಲ್ಲಿ ಗಂಡನನ್ನು ಕೈಯಾರೆ ಕೊಂದವಳು.

ಅತ್ತಿಗೆ ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಬೀದಿಯಲ್ಲಿ ಎದುರಾದರೆ ಆ ಬದಿಗೆ ದಾಟುತ್ತಿದ್ದಳು.

ಒಂದು ವರ್ಷ, ಮೇಲೆ ಎರಡು ತಿಂಗಳು ಕಳೆಯಿತು. ಟೈಲರಮ್ಮ ಮಷಿನ್ನನ್ನು ಹೊರಬಾಗಿಲ ಬಳಿಗೆ ತಂದಳು. ಹೊತ್ತು ಇರುವಷ್ಟು ಹೊತ್ತು ಹೊಲಿಗೆ, ಹೊತ್ತು ಮುಳುಗಿದ ಮೇಲೆ ಮುಚ್ಚಳ. ಸಂಜೆಯ ಕೆಲಸವೆಲ್ಲ ಬೇರೆ ಟೈಲರಿಗೆ ಹೋಯಿತು, ಹೋಗಲಿ ಅಂದಳು. ಮೊದಲು ಮಷಿನ್ನು ಇದ್ದ ಒಳಕೋಣೆಯಲ್ಲಿ, ಮೇಜಿನ ಸುತ್ತ, ಬಟ್ಟೆಯ ಗಂಟುಗಳು ಬಿದ್ದಿದ್ದವು. ಮೇಲೆ ಖಾಲಿ ಹೋಲ್ಡರು. ಬೇಕಾದಾಗ ಬಾಗಿಲಲ್ಲೇ ನಿಂತು ಕೈಚಾಚಿ ಗಂಟು ಎಳೆದುಕೊಳ್ಳುತ್ತಿದ್ದಳು. ಹಾಸಿಗೆಯಲ್ಲಿ ಬಲಗೈಯ ಹೆಬ್ಬೆರಳು ತಾನಾಗಿ ಗುಂಡಿ ಒತ್ತುತ್ತಿತ್ತು. ಒಂದು ಸಲ. ಎರಡು ಸಲ. ಲೆಕ್ಕ ಯಾವತ್ತೂ ಸರಿಹೋಗಲಿಲ್ಲ.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಮ್ಮ ಸೂಜಿಗೆ ದಾರ ಪೋಣಿಸಲು ಹೆಣಗುವುದನ್ನು ನೋಡಿ ಒಂದು ದಿನ ಅಂಗಡಿಗೆ ಎಳೆದುಕೊಂಡು ಹೋಗಿ ಕಣ್ಣು ತೋರಿಸಿದಳು. ನಂಬರು ಹೆಚ್ಚಾಗಿರಲಿಲ್ಲ.

“ನಿನ್ನ ಕಣ್ಣಿಗೆ ಏನೂ ಆಗಿಲ್ಲಮ್ಮ. ಕತ್ತಲಲ್ಲಿ ಕೂತಿದ್ದೀಯ, ಅಷ್ಟೇ. ಈ ಮನೇಲಿ ಅಡುಗೆಮನೆ ದೀಪದ ಕೆಳಗೆ ಸಾಸಿವೆ ಯಾವ್ದು, ಇರುವೆ ಯಾವ್ದು ಗೊತ್ತಾಗಲ್ಲ.”

ಮಾರನೆಯ ದಿನ ಸಂಜೆ ಅವಳು ಬೇಗ ಬಂದಳು. ಕೈಯಲ್ಲಿ ಐದು ಎಲ್‌ಇಡಿ ಬಲ್ಬು.

ಟೈಲರಮ್ಮ ಬೇಡ ಅಂದಳು. ಮಗಳು ಪ್ಲಾಸ್ಟಿಕ್ ಸ್ಟೂಲು ತಂದಿಟ್ಟಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಕೊನೆಗೆ ತಾಯಿ ಒಂದು ಷರತ್ತು ಹಾಕಿದಳು: ಮೇನ್ ಆರಿಸಿಯೇ ಹಾಕಬೇಕು, ಮೇನಿನ ಹತ್ತಿರ ತಾನೇ ನಿಂತಿರಬೇಕು. ಹಾಗೆಯೇ ನಿಂತಳು, ಒಂದು ಕೈ ಮೇನಿನ ಹಿಡಿಯ ಮೇಲೆ, ಇನ್ನೊಂದು ಸೊಂಟದ ಮೇಲೆ.

“ಹದಿನಾಲ್ಕು ಕಾವಲುಗಾರರ ಕೆಲಸ ನೀನೊಬ್ಬಳೇ ಮಾಡ್ತಿದ್ದೀಯಲ್ಲಮ್ಮ,” ಎಂದು ಮಗಳು ಒಳಗಿನಿಂದ ಕೂಗಿದಳು.

“ಬಾಯಿ ಮುಚ್ಚಿ ಬಲ್ಬು ಹಾಕು.”

ಅಡುಗೆಮನೆ ಆಯಿತು. ಬಚ್ಚಲು ಆಯಿತು. ನಡುಮನೆ, ಹೊರಬಾಗಿಲು ಆಯಿತು. ಮಗಳು ಒಳಕೋಣೆಗೆ ಕಾಲಿಟ್ಟದ್ದು ಸದ್ದಿನಿಂದಲೇ ತಿಳಿಯಿತು.

“ಅದು ಬೇಡ!”

“ಮೇನ್ ಯಾರ ಕೈಲಿದೆ?”

“ನನ್ನ ಕೈಲಿ.”

“ಮತ್ತೆ?”

ಟೈಲರಮ್ಮ ಹಿಡಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಹಿಡಿದಳು. ಮಗಳು ಬಲ್ಬು ಹಾಕಿ ಇಳಿದು ಬಂದು ಎದುರು ನಿಂತು, “ಬದುಕಿದ್ದೀನಿ, ನೋಡು,” ಎಂದ ಮೇಲೇ ಮೇನ್ ಮೇಲೆದ್ದದ್ದು.

ಬೆಳಕು ಬಂತು. ಅದನ್ನು ಬಯ್ಯಲು ಟೈಲರಮ್ಮನಿಗೆ ಒಂದು ಮಾತೂ ಸಿಗಲಿಲ್ಲ. ಒಳಕೋಣೆಯ ದಾರದ ಡಬ್ಬಿ ತೆರೆದಳು. ಕಪ್ಪು ಕಪ್ಪಾಗಿತ್ತು, ನೀಲಿ ನೀಲಿಯಾಗಿತ್ತು. ಕಂದು ಎಂದುಕೊಂಡಿದ್ದ ಒಂದು ಉಂಡೆ ನೋಡಿದರೆ ನೇರಳೆ. ಆ ಕಂದಿನಲ್ಲಿ ಯಾರ ಯಾರ ಅಂಗಿ ಹೊಲಿದಿದ್ದೆನೋ ಎಂದು ಬೆರಳು ಮಡಚಿ ಎಣಿಸತೊಡಗಿದಳು.

ಮಗಳು ಮೇಜಿನ ಕೆಳಗಿನ ಗುಂಡಿ ಒತ್ತಿ ಆರಿಸಿದಳು. ಬೆಳಕು ಹೋಯಿತು. ಆದರೆ ಪೂರ್ತಿ ಹೋಗಲಿಲ್ಲ. ಮಬ್ಬುಗತ್ತಲ ಕೋಣೆಯಲ್ಲಿ ಬಲ್ಬು ಸಣ್ಣಗೆ, ಹಾಲು ನೀರಿನ ಬಣ್ಣದಲ್ಲಿ ಉರಿಯುತ್ತಲೇ ಇತ್ತು.

“ಕೆಟ್ಟ ಬಲ್ಬು ಕೊಟ್ಟಿದ್ದಾನೆ,” ಅಂದಳು ಮಗಳು. ಮಾರನೆಯ ದಿನ ಅಂಗಡಿಯಲ್ಲಿ ಬದಲಾಯಿಸಿಕೊಂಡು ಬಂದಳು. ಅದೂ ಹಾಗೆಯೇ. ಆರಿಸಿದರೂ ಉರಿಯಿತು.

ಪಕ್ಕದ ಮನೆಯವಳು ಇಣುಕಿ ನೋಡಿ ಕೆನ್ನೆಗೆ ಕೈಯಿಟ್ಟುಕೊಂಡಳು. “ಟೈಲರಮ್ಮ, ತಪ್ಪು ತಿಳ್ಕೋಬೇಡಿ. ನಿಮ್ಮನೆಯೋರು ಈ ಕೋಣೆ ಬಿಟ್ಟು ಹೋಗಿಲ್ಲ ಅನ್ಸುತ್ತೆ.”

“ಇದ್ದಾಗ ಒಂದು ಬಲ್ಬು ಹಾಕೋಕೆ ನಾಲ್ಕು ಸಲ ಹೇಳ್ಬೇಕಿತ್ತು,” ಅಂದಳು ಟೈಲರಮ್ಮ. “ಸತ್ತಮೇಲೆ ತಾವಾಗೇ ಬಂದು ಹಚ್ತಾರಾ? ಹೋಗ್ರೀ.”

ಹಾಗೆಂದಳು. ಆದರೆ ಆ ಮಂಕು ಬೆಳಕು ಅವಳನ್ನು ಬಿಡಲಿಲ್ಲ. ಶಾಲೆಗೆ ಹೋದದ್ದು ನಾಲ್ಕು ವರ್ಷ, ಕರೆಂಟಿನ ವಿಷಯ ಏನೂ ಗೊತ್ತಿಲ್ಲ. ಗೊತ್ತಿದ್ದದ್ದು ಮಷಿನ್ನು ಒಂದೇ. ಹೊಲಿಗೆ ತಪ್ಪಿದರೆ ಮೊದಲು ಸೂಜಿ ಬದಲಿಸು. ಸರಿಯಾಗಲಿಲ್ಲವೋ, ದಾರ ಬದಲಿಸು. ಆಮೇಲೆ ಕೆಳದಾರದ ಬಾಬಿನ್ನು. ಒಂದು ಸಲಕ್ಕೆ ಒಂದೇ. ಎರಡನ್ನು ಒಟ್ಟಿಗೆ ಬದಲಿಸಿದೆಯೋ, ತಪ್ಪು ಎಲ್ಲಿತ್ತೆಂದು ಜನ್ಮದಲ್ಲಿ ತಿಳಿಯದು. ಮೇನ್ ಆರಿಸಿ, ಮಗಳ ಕೈಯಲ್ಲಿ ಈ ಬಲ್ಬನ್ನು ಅಡುಗೆಮನೆಗೆ ಹಾಕಿಸಿದಳು, ಅಡುಗೆಮನೆಯದನ್ನು ಇಲ್ಲಿಗೆ. ಅಡುಗೆಮನೆಯಲ್ಲಿ ಆ ಬಲ್ಬು ಒಳ್ಳೆಯ ಮಗುವಿನ ಹಾಗೆ ಆರಿತು. ಇಲ್ಲಿ ಈ ಬಲ್ಬು ಉರಿಯಿತು.

“ಬಲ್ಬಿನ ತಪ್ಪಲ್ಲ ಕಣೇ. ಕೋಣೇದು,” ಅಂದಳು. “ಗೊತ್ತಿರೋರನ್ನ ಕರಿ.”

ಕರೆಂಟಿನವನು ಮರುದಿನ ಬಂದ. ಬೋಳುತಲೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಮಾತು ಕಡಿಮೆ. ಗುಂಡಿ ಒತ್ತಿ ಆರಿಸಿದ. ಮಂಕಾಗಿ ಉರಿಯುತ್ತಿದ್ದ ಬಲ್ಬನ್ನು ಬಿಚ್ಚಿದ. ಟೆಸ್ಟರಿನ ತುದಿಯನ್ನು ಹೋಲ್ಡರಿಗೆ ಇಟ್ಟ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ದೀಪ ಹತ್ತಿತು. ಅವನು ಇಳಿದು ಗುಂಡಿ ಒತ್ತಿ, ಮತ್ತೆ ಹತ್ತಿ ನೋಡಿದ. ಆಗಲೂ ಕೆಂಪು. ಕನ್ನಡಕ ಏರಿಸಿಕೊಂಡು ಗೋಡೆಯ ವೈರು ಹೋದ ದಾರಿಯನ್ನೆಲ್ಲ ನೋಡಿಕೊಂಡು ಬಂದ.

“ಯಾವ ಪುಣ್ಯಾತ್ಮ ಮಾಡಿದ್ದು ಇದು?”

“ನಮ್ಮನೆಯೋರು.”

ಅವನು ಕನ್ನಡಕ ಇಳಿಸಿದ. ಮೋಟಾರು ಹೇಗೆ ಹೋದ ಎಂಬುದು ಅವನಿಗೂ ತಿಳಿದಿತ್ತು.

“ಏನಾಗಿದೆ, ಹೇಳಿ,” ಅಂದಳು ಟೈಲರಮ್ಮ. “ನನಗೆ ತಿಳಿಯೋ ಹಾಗೆ ಹೇಳಿ.”

“ವೈರು ಎರಡು ಇರುತ್ತೆ ತಾಯಿ. ಒಂದು ಕರೆಂಟು ತರೋದು, ಒಂದು ವಾಪಸ್ ಹೋಗೋದು. ಸ್ವಿಚ್ಚು ತರೋ ವೈರನ್ನ ಕಡೀಬೇಕು. ಇಲ್ಲಿ ವಾಪಸ್ ಹೋಗೋದನ್ನ ಕಡಿಯುತ್ತೆ. ನಲ್ಲಿ ಕಟ್ಟೋ ಬದಲು ಚರಂಡಿ ಕಟ್ಟಿದ ಹಾಗೆ. ನೀರು ಕೊಳಾಯೀಲಿ ನಿಂತೇ ಇರುತ್ತೆ. ಹಳೇ ಬಲ್ಬು ಹೊಟ್ಟೆಬಾಕ, ಅದಕ್ಕೆ ಸೋರೋ ಚೂರುಪಾರು ಸಾಲ್ದು, ಅದಕ್ಕೇ ಇಷ್ಟು ವರ್ಷ ಕಾಣಲಿಲ್ಲ. ಈ ಬಲ್ಬಿಗೆ ಒಂದು ಗುಟುಕು ಸಾಕು, ಉರೀತದೆ.”

“ಅಂದ್ರೆ ಗುಂಡಿ ಒತ್ತಿ ಆರಿಸಿದ್ರೂ...”

“ಆರಿಸಿದ್ರೂ ಹೋಲ್ಡರಲ್ಲಿ ಕರೆಂಟು ಇರುತ್ತೆ.”

“ಆರಿಸದೇ ಇದ್ರೂ...”

“ಇರುತ್ತೆ.”

“ಒಂದು ಸಲ ಒತ್ತಿದ್ರೆ? ಎರಡು ಸಲ ಒತ್ತಿದ್ರೆ?”

“ನೂರು ಸಲ ಒತ್ತಿ ತಾಯಿ. ಮೇನ್ ಆರಿಸದೆ ಇದಕ್ಕೆ ಬೆರಳಿಟ್ಟೋನು ಉಳಿಯಲ್ಲ.” ಅವನು ಗುಂಡಿಯ ಮುಚ್ಚಳ ಬಿಚ್ಚಿ ತೋರಿಸಿದ. “ನೋಡಿ, ಹಳೇ ಮನೆ. ಎರಡು ವೈರೂ ಕಪ್ಪು. ಯಾವುದು ಯಾವುದು ಅಂತ ಟೆಸ್ಟರಿಟ್ಟು ನೋಡ್ಬೇಕಿತ್ತು. ನೋಡಿಲ್ಲ.”

ನೋಡಿರಲಿಲ್ಲ. ಎರಡು ಕಪ್ಪಿನಲ್ಲಿ ಒಂದನ್ನು ಹಿಡಿದು ಕತ್ತರಿಸಿ, ದೀಪ ಹತ್ತಿತಲ್ಲ ಎಂದು ಮೀಸೆ ತಿರುವಿದ್ದ. ಕಪ್ಪು ದಾರದ ಎರಡು ಪ್ಯಾಂಟನ್ನು ಅವಳು ಬಿಚ್ಚಿ ಮತ್ತೆ ಹೊಲಿದುಕೊಟ್ಟಿದ್ದಳು. ಅವನದನ್ನು ಬಿಚ್ಚುವವರು ಇರಲಿಲ್ಲ.

ಟೈಲರಮ್ಮ ಹೊಸ್ತಿಲ ಮೇಲೆ ಕುಳಿತಳು. ಮೊದಲು ಸಿಟ್ಟು ಬಂತು, ಆಮೇಲೆ ಅಳು. “ಅಯ್ಯೋ ನಿಮ್ಮ, ನಿಮ್ಮ ಕೈ ಮುರಿದುಹೋಗ,” ಎಂದು ಇಲ್ಲದ ಗಂಡನನ್ನು ಬಯ್ದಳು, ಬಯ್ಯುತ್ತಲೇ ಬಿಕ್ಕಿದಳು. ಕರೆಂಟಿನವನು ಕಿಟಕಿಯ ಆಚೆ ಏನೋ ಇದ್ದ ಹಾಗೆ ಅತ್ತ ನೋಡುತ್ತ ನಿಂತ.

ಅವನು ಕತ್ತರಿ ಕೈಗೆತ್ತಿಕೊಂಡಾಗ ಅವಳು ತಡೆದಳು. “ಈಗ ಸರಿ ಮಾಡ್ಬೇಡಿ. ಸ್ವಲ್ಪ ಕೂತಿರಿ. ಇದನ್ನ ಒಬ್ಬರು ನೋಡ್ಬೇಕು.”

ಮಗಳು ಗಿರಣಿಗೆ ಹೋಗಿ ಬಂದಳು. ಅವಳ ಹಿಂದೆ ಅತ್ತಿಗೆ. ರೆಪ್ಪೆಯ ಮೇಲೆಲ್ಲ ಹಿಟ್ಟು. ಬಾಗಿಲಲ್ಲೇ ನಿಂತಳು.

“ಏನಂತೆ? ಗಿರಣಿ ಬಿಟ್ಟು ಬಂದಿದ್ದೀನಿ. ಬೇಗ ಹೇಳು.”

“ನಾನೇನೂ ಹೇಳಲ್ಲ ಅತ್ತಿಗೆ. ಅವರು ತೋರಿಸ್ತಾರೆ.”

ಕರೆಂಟಿನವನು ಮತ್ತೆ ಸ್ಟೂಲು ಹತ್ತಿದ. ಗುಂಡಿ ಒತ್ತಿ ನೋಡಿ ಎಂದು ಅತ್ತಿಗೆಗೇ ಹೇಳಿದ. ಅವಳು ಒತ್ತಿದಳು. ಟೆಸ್ಟರು ಕೆಂಪು. ಮತ್ತೆ ಒತ್ತಿದಳು. ಕೆಂಪು. ನಂಬಿಕೆ ಬಾರದೆ ಆರೇಳು ಸಲ ಒತ್ತಿದಳು. ನಲ್ಲಿ, ಚರಂಡಿ, ಕಪ್ಪು ವೈರು, ಎಲ್ಲವನ್ನೂ ಅವನು ಇನ್ನೊಮ್ಮೆ ಹೇಳಿದ. ಅತ್ತಿಗೆ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೇಳಿದಳು. ಆಮೇಲೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಮೆಲ್ಲಗೆ ಮಾತಾಡಿದಳು.

“ನನ್ನ ಗಿರಣಿಗೂ ಅವನೇ ವೈರು ಎಳೆದಿದ್ದು.”

“ಇಲ್ಲಿ ಮುಗಿಸಿ ಅಲ್ಲಿಗೇ ಬರ್ತೀನಿ,” ಅಂದ ಕರೆಂಟಿನವನು. “ಅಲ್ಲೀವರೆಗೆ ಯಾವುದನ್ನೂ ಮುಟ್ಬೇಡಿ.”

ಟೈಲರಮ್ಮನಿಗೆ ತಡೆಯಲಾಗಲಿಲ್ಲ, ನಗು ಬಂದುಬಿಟ್ಟಿತು. ಅತ್ತಿಗೆ ದುರುಗುಟ್ಟಿ ನೋಡಿದಳು. ನೋಡುತ್ತ ನೋಡುತ್ತ ಅವಳ ತುಟಿಯೂ ಸೊಟ್ಟಗಾಯಿತು. “ಚಿಕ್ಕವನಿದ್ದಾಗ ನಮ್ಮಪ್ಪನ ರೇಡಿಯೋ ಬಿಚ್ಚಿದ್ದ,” ಅಂದಳು. “ವಾಪಸ್ ಜೋಡಿಸಿದ ಮೇಲೆ ಒಂದು ಹಿಡಿ ಸ್ಕ್ರೂ ಉಳಿದಿತ್ತು. ಇವೆಲ್ಲ ಹೆಚ್ಚಿಗೆ ಹಾಕಿದ್ರು ಅಂದ.” ಹಿಟ್ಟಿನ ಕೈಯಲ್ಲಿ ಕಣ್ಣೊರೆಸಿಕೊಂಡಳು. ಮುಖವೆಲ್ಲ ಹಿಟ್ಟಿನ ರಾಡಿಯಾಯಿತು.

ತಪ್ಪಾಯ್ತು ಎಂದು ಅವಳು ಹೇಳಲಿಲ್ಲ. ಸೀದಾ ಹೊರಗೆ ಹೋಗಿ ಬೀದಿಯ ನಡುವೆ ನಿಂತಳು. ಎದುರು ಮನೆಯವಳು ಬಟ್ಟೆ ಒಣಹಾಕುತ್ತಿದ್ದಳು.

“ಕೇಳಿದ್ಯೇನೇ?” ಗಿರಣಿಯ ದನಿ ಬೀದಿಯ ಆ ತುದಿಗೂ ಈ ತುದಿಗೂ ಹೋಯಿತು. “ಇವಳು ಆರಿಸಿದ್ರೂ ಅಷ್ಟೇ, ಬಿಟ್ಟಿದ್ರೂ ಅಷ್ಟೇ ಆಗಿತ್ತಂತೆ! ವೈರು ತಪ್ಪು ಹಾಕಿದ್ದು ನನ್ನ ತಮ್ಮ! ಇವಳದೇನೂ ಇಲ್ಲ! ಯಾರಾದ್ರೂ ಕೇಳಿದ್ರೆ ಹಾಗೇ ಹೇಳು!”

ಯಾರೂ ಕೇಳಿರಲಿಲ್ಲ. ಆದರೂ ನಾಲ್ಕು ಮನೆಯ ಬಾಗಿಲು ತೆರೆದವು. ಅತ್ತಿಗೆ ಪ್ರತಿ ಬಾಗಿಲಿಗೂ ಅದನ್ನು ಮೊದಲಿನಿಂದ ಹೇಳಿದಳು. ಒಳಗೆ ಟೈಲರಮ್ಮ ಹೊಸ್ತಿಲ ಮೇಲೆ ಕುಳಿತು, ಒಂದೊಂದು ಸಲವೂ ಹೊಸದಾಗಿ ಕೇಳುವವಳ ಹಾಗೆ ಕೇಳಿಸಿಕೊಂಡಳು.

ಅತ್ತಿಗೆ ಒಳಗೆ ಬಂದು ನೀರು ಕುಡಿದಳು. ತಾನು ತೊಟ್ಟಿದ್ದ ಅಂಗಿಯ ಕಂಕುಳನ್ನು ಎಳೆದು ತೋರಿಸಿದಳು. “ಇದನ್ನ ನೋಡು. ಆ ಹೊಸ ಟೈಲರು ಹೊಲಿದಿದ್ದು. ಕೈ ಎತ್ತಿದ್ರೆ ಜೀವ ಹೋಗುತ್ತೆ. ಒಂದು ವರ್ಷದಿಂದ ಸಾಯ್ತಿದ್ದೀನಿ.”

“ಬಿಚ್ಚಿಡಿ ಅತ್ತಿಗೆ. ಸರಿ ಮಾಡ್ತೀನಿ.”

ಕರೆಂಟಿನವನು ವೈರು ಬದಲಿಸಿದ. ಮೇಜಿನ ಕೆಳಗಿನ ಗುಂಡಿಯನ್ನು ಕಿತ್ತು ಬಾಗಿಲ ಪಕ್ಕ ಕಣ್ಣಿಗೆ ಕಾಣುವ ಸ್ವಿಚ್ಚು ಕೂರಿಸಿದ. ಆರಿಸಿದರೆ ಬಲ್ಬು ಆರಿತು, ಮಂಕಿನ ಸುಳಿವೂ ಉಳಿಯಲಿಲ್ಲ. ಮಗಳು ಮಷಿನ್ನನ್ನು ಒಳಕೋಣೆಗೆ ತಳ್ಳಿದಳು. ಆ ರಾತ್ರಿ ಟೈಲರಮ್ಮನ ಹೆಬ್ಬೆರಳು ಸುಮ್ಮನಿತ್ತು. ಬೆಳಗಾದದ್ದೇ ಗೊತ್ತಾಗಲಿಲ್ಲ.

ಗಂಡ ಇಲ್ಲದ್ದು ಹಾಗೆಯೇ ಇದೆ. ಅದಕ್ಕೆ ಯಾವ ಬಲ್ಬೂ ಇಲ್ಲ. ಊಟಕ್ಕೆ ಕುಳಿತಾಗ ಕಪ್ಪೆಯ ಕಥೆ ಹೇಳುವವರಿಲ್ಲ, ಬೀದಿಯಲ್ಲಿ ಪಂಪಿನ ಸದ್ದು ಕೇಳಿದರೆ ಈಗಲೂ ಅವಳ ಕೈ ನಿಲ್ಲುತ್ತದೆ. ಆದರೆ ಈಗ ಅವನನ್ನು ನೆನೆದು ಅಳಬಹುದು. ಮೊದಲು ಅಳಲೂ ಹೆದರಿಕೆಯಿತ್ತು, ಕೊಂದವಳೇ ಅಳುತ್ತಾಳಲ್ಲ ಎಂದು ಯಾರಾದರೂ ಅಂದುಬಿಟ್ಟರೆ ಎಂದು.

ಹೊಲಿಯುವ ಕೋಣೆಯಲ್ಲಿ ನೂಲಿನ ಧೂಳು ಬಹಳ. ಒಂದೇ ದಿನದಲ್ಲಿ ಬಲ್ಬಿನ ಬುರುಡೆಯ ಮೇಲೆ ತೆಳ್ಳಗೆ ಕೂರುತ್ತದೆ. ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ ಟೈಲರಮ್ಮ ಒಳಕೋಣೆಗೆ ಹೋಗುತ್ತಾಳೆ. ಮೇನಿನ ಹತ್ತಿರ ಹೋಗುವುದಿಲ್ಲ. ಬಾಗಿಲ ಪಕ್ಕದ ಸ್ವಿಚ್ಚನ್ನು ಒಮ್ಮೆ ಹಾಕಿ ಆರಿಸುತ್ತಾಳೆ, ಬಲ್ಬು ಪೂರ್ತಿ ಆರಿತೇ ಎಂದು ತಲೆಯೆತ್ತಿ ನೋಡುತ್ತಾಳೆ. ಆಮೇಲೆ ಸ್ಟೂಲು ಹತ್ತಿ, ಉಳಿದ ತುಂಡುಬಟ್ಟೆಯಿಂದ ಬಲ್ಬನ್ನು ಒರೆಸುತ್ತಾಳೆ. “ಬಿದ್ದೀಯ ಅಮ್ಮ,” ಎಂದು ಮಗಳು ಹಾಸಿಗೆಯಿಂದಲೇ ಕೂಗುತ್ತಾಳೆ. “ನೀನು ಎದ್ದು ಬಂದು ಒರೆಸು ಹಾಗಾದ್ರೆ,” ಅನ್ನುತ್ತಾಳೆ. ಮಗಳು ಏಳುವುದಿಲ್ಲ. ಟೈಲರಮ್ಮ ಇಳಿದು ಬಟ್ಟೆ ಕೊಡವಿ, ಸ್ವಿಚ್ಚು ಹಾಕುತ್ತಾಳೆ.